ಅಕ್ಕಿ ನೋಡಿ ನೀರಿಡಿ: ಕುಚ್ಚಲು, ಬೆಳ್ತಿಗೆ ಮತ್ತು ಉಳಿದ ಅನ್ನದ ಪ್ರಶ್ನೆಗಳು

ಪ್ರಶ್ನೆ: ಅಕ್ಕಾ, ನನ್ನ ತವರು ಮೈಸೂರು. ಮದುವೆಯಾಗಿ ಸುರತ್ಕಲ್‌ಗೆ ಬಂದು ಆರು ತಿಂಗಳಾಯಿತು. ಮನೆಯಲ್ಲಿ ಎಲ್ಲರಿಗೂ ಕುಚ್ಚಲಕ್ಕಿಯೇ ಬೇಕು. ಸೋನಾ ಮಸೂರಿಯ ಹಾಗೆ ಒಂದಕ್ಕೆ ಎರಡು ನೀರಿಟ್ಟು ಮೂರು ವಿಶಲ್ ಕೂಗಿಸಿದರೆ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ. ಜಾಸ್ತಿ ಹೊತ್ತು ಬೇಯಿಸಿದರೆ ಗ್ಯಾಸ್ ಬೇಗ ಖಾಲಿಯಾಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ ತಂಗಿ. ಬೇರೆ ಅಕ್ಕಿಯ ಅಳತೆಯನ್ನು ಇದಕ್ಕೆ ಹಾಕಿದ್ದೀರಿ, ಅಷ್ಟೇ.

ಕುಚ್ಚಲಕ್ಕಿ ಅಂದರೆ ಭತ್ತವನ್ನು ಸಿಪ್ಪೆ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಗಿರಣಿಗೆ ಹಾಕಿದ್ದು. ಬೇಯುವಾಗ ಕಾಳಿನೊಳಗಿನ ಪಿಷ್ಟ ಮೆತ್ತಗಾಗುತ್ತದೆ. ಒಣಗುವಾಗ ಅದೇ ಪಿಷ್ಟ ಬಿಗಿದು ಗಟ್ಟಿಯಾಗುತ್ತದೆ. ಹಾಗಾಗಿ ನಮ್ಮ ಒಲೆಯ ಮೇಲೆ ಮತ್ತೆ ಬೇಯಲು ಅದಕ್ಕೆ ನೀರೂ ಬೇಕು, ಹೊತ್ತೂ ಬೇಕು. ತೌಡು ಉಳಿಸಿದ ಕೆಂಪು ಅಕ್ಕಿಯಾದರೆ ಇನ್ನೂ ಸ್ವಲ್ಪ ಜಾಸ್ತಿ. ಭತ್ತ ಬೇಯಿಸುವುದರಿಂದ ಒಂದು ಲಾಭವೂ ಇದೆ. ತೌಡಿನಲ್ಲಿರುವ ಬಿ ವಿಟಮಿನ್ ಒಂದಷ್ಟು ಕಾಳಿನೊಳಗೆ ಇಳಿಯುತ್ತದೆ. ಆಮೇಲೆ ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ.

ಈಗ ಗ್ಯಾಸಿನ ವಿಷಯ. ನಮ್ಮ ಅಮ್ಮ ಅನ್ನ ಒಂದು ಕುದಿ ಚೆನ್ನಾಗಿ ಬಂದ ಮೇಲೆ ಒಲೆಯಿಂದ ಸೌದೆ ಹಿಂದಕ್ಕೆ ಎಳೆದು, ಮಡಕೆಯನ್ನು ಕೆಂಡದ ಮೇಲೆ ಬಿಟ್ಟು ತೋಟಕ್ಕೆ ಹೋಗುತ್ತಿದ್ದರು. ವಾಪಸ್ ಬರುವಾಗ ಅನ್ನ ಮುಕ್ಕಾಲು ಆಗಿರುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಥರ್ಮಲ್ ಕುಕ್ಕರ್ ಮಾಡುವುದೂ ಅದನ್ನೇ. ಅದು ಇಲ್ಲದಿದ್ದರೂ ನಡೆಯುತ್ತದೆ. ಒಂದು ಲೋಟ ಅಕ್ಕಿಗೆ ಆರೇಳು ಲೋಟ ನೀರು ಕುದಿಸಿ. ಮೂರ್ನಾಲ್ಕು ಸಲ ತೊಳೆದ ಅಕ್ಕಿ ಹಾಕಿ ಹದಿನೈದು ನಿಮಿಷ ಕುದಿಯಲು ಬಿಡಿ. ಒಲೆ ಆರಿಸಿ, ಬಿಗಿಯಾದ ಮುಚ್ಚಳ ಹಾಕಿ, ಮೇಲೆ ದಪ್ಪ ಟವೆಲ್ ಸುತ್ತಿ ಒಂದು ಗಂಟೆ ಹಾಗೇ ಇಡಿ. ತೆಗೆದು ನೋಡಿದರೆ ಕಾಳು ದಪ್ಪಗಾಗಿರುತ್ತದೆ. ಟವೆಲ್ ತೆಗೆದಿಟ್ಟು ಮತ್ತೆ ಹತ್ತು ಹದಿನೈದು ನಿಮಿಷ ಕುದಿಸಿದರೆ ಆಯಿತು. ಬೆಳಿಗ್ಗೆ ಚಹಾ ಮಾಡುವಾಗಲೇ ಮೊದಲ ಕುದಿ ಮುಗಿಸಿಬಿಟ್ಟರೆ ಮಧ್ಯಾಹ್ನಕ್ಕೆ ಗಡಿಬಿಡಿ ಇಲ್ಲ.

ಪ್ರೆಶರ್ ಕುಕ್ಕರೇ ಬೇಕೆಂದರೆ ಒಂದಕ್ಕೆ ನಾಲ್ಕು ನೀರು. ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಮೊದಲ ವಿಶಲ್ ಆದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಇಪ್ಪತ್ತು ನಿಮಿಷ. ಆರಿಸಿದ ಮೇಲೆ ವಿಶಲ್ ಎತ್ತಿ ಗಾಳಿ ಬಿಡಬೇಡಿ. ತಾನಾಗಿಯೇ ಇಳಿಯುವ ಆ ಹೊತ್ತಿನಲ್ಲೂ ಅನ್ನ ಬೇಯುತ್ತಿರುತ್ತದೆ.

ಗಡಿಯಾರಕ್ಕಿಂತ ನಿಮ್ಮ ಬೆರಳನ್ನು ನಂಬಿ. ಸೌಟಿನಲ್ಲಿ ನಾಲ್ಕು ಕಾಳು ತೆಗೆದು, ಒಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿ. ನಡುವೆ ಮರಳಿನ ಹಾಗೆ ಏನೋ ಗಟ್ಟಿ ಸಿಕ್ಕಿತಾ? ಇನ್ನೂ ಐದು ನಿಮಿಷ. ನುಣ್ಣಗೆ ಹಿಸುಕಿತು, ಉಳಿದ ಕಾಳುಗಳ ಹೊಟ್ಟೆ ಸ್ವಲ್ಪ ಬಾಯಿ ಬಿಟ್ಟಿದೆ ಅಂದರೆ ಸಾಕು, ಇಳಿಸಿ. ಮುಚ್ಚಳ ಒತ್ತಿ ಹಿಡಿದು, ಪಾತ್ರೆಯನ್ನು ಓರೆ ಮಾಡಿ, ಕೆಳಗೆ ಬಟ್ಟಲಿಟ್ಟು ಹತ್ತು ನಿಮಿಷ ಬಸಿಯಲು ಬಿಡಿ.

ಆ ಗಂಜಿ ತಿಳಿಯನ್ನು ದಯವಿಟ್ಟು ಸಿಂಕಿಗೆ ಸುರಿಯಬೇಡಿ. ಬಿಸಿ ಇರುವಾಗಲೇ ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ ಹಾಕಿ ಕುಡಿದು ನೋಡಿ. ಜಾಸ್ತಿ ಉಳಿದರೆ ಹತ್ತಿ ಸೀರೆಗೆ ಗಂಜಿ ಹಾಕಲು ಆಗುತ್ತದೆ. ಜೋರು ಮಳೆಯ ರಾತ್ರಿಯಲ್ಲಂತೂ ಬಸಿಯುವುದೇ ಬೇಡ. ತಿಳಿಯ ಜೊತೆಗೇ ಬಡಿಸಿ. ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಮೀನು ತಿನ್ನುವ ಮನೆಯಾದರೆ ಒಣಮೀನಿನ ಚಟ್ನಿ. ಮನೆಯವರು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು. ಅಂಗಡಿ ಬದಲಾದರೆ ಅಕ್ಕಿಯೂ ಬದಲಾಗುತ್ತದೆ. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು, ಬೇಗ ಅಂಟುತ್ತದೆ. ಹಳೆಯದು ಜಾಸ್ತಿ ನೀರು ಕುಡಿಯುತ್ತದೆ. ಹೊಸ ಚೀಲ ಒಡೆದ ದಿನ ಮೊದಲು ಒಂದೇ ಲೋಟ ಬೇಯಿಸಿ ನೋಡಿ. ಎಷ್ಟು ನೀರು, ಎಷ್ಟು ಹೊತ್ತು ಅಂತ ಚೀಟಿ ಬರೆದು ಡಬ್ಬಕ್ಕೆ ಅಂಟಿಸಿ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಪ್ರಶ್ನೆ: ನಾನು ಕುಂದಾಪುರದವಳು. ಅತ್ತೆಗೆ 74 ವರ್ಷ. ಬೆಳಿಗ್ಗೆ ತಂಗಳನ್ನವೇ ಆಗಬೇಕು. ‘ಜೀವಮಾನವಿಡೀ ತಿಂದಿದ್ದೇನೆ, ಏನೂ ಆಗಿಲ್ಲ’ ಅನ್ನುತ್ತಾರೆ. ಕೆಲವೊಮ್ಮೆ ರಾತ್ರಿಯ ಅನ್ನ ಪಾತ್ರೆಯಲ್ಲಿ ಹಾಗೇ ಮುಚ್ಚಿಟ್ಟದ್ದಿರುತ್ತದೆ. ನನಗೆ ಹೆದರಿಕೆ. ಯಾರ ಮಾತು ಸರಿ?

ಉತ್ತರ: ಇಬ್ಬರದ್ದೂ ಸರಿ. ಅತ್ತೆ ಹೇಳುವ ತಂಗಳನ್ನವೇ ಬೇರೆ, ಮುಚ್ಚಿಟ್ಟು ಮರೆತ ಅನ್ನವೇ ಬೇರೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅವು ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ‘ಚೆನ್ನಾಗಿ ಕುದಿಸಿದರೆ ಸಾಕಲ್ವಾ’ ಅಂತ ತುಂಬಾ ಜನ ಕೇಳುತ್ತಾರೆ. ಸಾಲುವುದಿಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ಪಾತ್ರೆ ತುಂಬಾ ಅನ್ನ ಮುಚ್ಚಿಟ್ಟರೆ ಅದರ ಹೊಟ್ಟೆ ಮಧ್ಯರಾತ್ರಿವರೆಗೂ ಬೆಚ್ಚಗಿರುತ್ತದೆ. ಅಂಥ ಅನ್ನವನ್ನು ಯಾರಿಗೂ ಕೊಡಬೇಡಿ.

ಹಿಂದಿನವರು ಅನ್ನ ಆರಿಸಿ, ನೀರು ಹೊಯ್ದು, ಕೆಲವರು ಸ್ವಲ್ಪ ಮಜ್ಜಿಗೆಯನ್ನೂ ಸೇರಿಸಿ ಇಡುತ್ತಿದ್ದರು. ನೀರಿನಿಂದ ಅನ್ನ ಬೇಗ ತಣ್ಣಗಾಗುತ್ತದೆ. ಮಜ್ಜಿಗೆಯ ಹುಳಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಈ ವಯಸ್ಸಿನ ಹೊಟ್ಟೆಗೆ ಹುಳಿಯೊಂದನ್ನೇ ನಂಬಿ ಕೂರುವುದು ಬೇಡ. ಹೀಗೆ ಮಾಡಿ: ರಾತ್ರಿ ಊಟವಾದ ಕೂಡಲೇ ಅತ್ತೆಗೆ ಬೇಕಾದಷ್ಟು ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ. ಆರಿದ ಮೇಲೆ ಕುದಿಸಿ ತಣಿಸಿದ ನೀರು, ಎರಡು ಚಮಚ ಮಜ್ಜಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಅನ್ನ ಇಳಿಸಿದಲ್ಲಿಂದ ಫ್ರಿಜ್ಜಿಗೆ ಸೇರುವವರೆಗೆ ಒಂದು ಗಂಟೆ, ತಪ್ಪಿದರೆ ಎರಡು. ಅದಕ್ಕಿಂತ ಜಾಸ್ತಿ ಬೇಡ. ಬೆಳಿಗ್ಗೆ ಅರ್ಧ ಗಂಟೆ ಮೊದಲು ಹೊರಗಿಟ್ಟು, ಉಪ್ಪು, ನೀರುಳ್ಳಿ, ಒಂದು ಗಾಂಧಾರಿ ಮೆಣಸು ಜಜ್ಜಿ ಹಾಕಿ ಕೊಡಿ. ಮೊದಲಿನಷ್ಟು ಹುಳಿ ಬರುವುದಿಲ್ಲ, ನಿಜ. ಅತ್ತೆ ಗೊಣಗಿದರೆ ಮಜ್ಜಿಗೆ ಒಂದು ಚಮಚ ಹೆಚ್ಚು ಹಾಕಿ. ಅವರ ಬೆಳಗಿನ ಬಟ್ಟಲನ್ನು ಮಾತ್ರ ತಪ್ಪಿಸಬೇಡಿ. ಅದರಲ್ಲಿ ಅವರ ಊರು, ಅವರ ಅಮ್ಮ ಎಲ್ಲ ಇದೆ.

ಪ್ರಶ್ನೆ: ಮಣಿಪಾಲದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ನೀರುದೋಸೆ ಒಮ್ಮೆ ಹರಿದುಹೋಗುತ್ತದೆ, ಒಮ್ಮೆ ರಬ್ಬರಿನ ಹಾಗಾಗುತ್ತದೆ. ಕುಚ್ಚಲಕ್ಕಿಯಲ್ಲೂ ಮಾಡಿ ನೋಡಿದೆ.

ಉತ್ತರ: ಕುಚ್ಚಲಕ್ಕಿ ಬೇಡ, ರಬ್ಬರಾಗುವುದು ಅದರಿಂದಲೇ. ಬೆಳ್ತಿಗೆ ಅಕ್ಕಿ ತನ್ನಿ, ಅಂದರೆ ಭತ್ತ ಬೇಯಿಸದೆ ಗಿರಣಿಗೆ ಹಾಕಿದ ಬಿಳಿ ಅಕ್ಕಿ. ತುಳುವಿನಲ್ಲಿ ಬೊಳಂತೆ ಅನ್ನುತ್ತಾರಲ್ಲ, ಅದು. ಹಳೆಯದಾದರೆ ಒಳ್ಳೆಯದು. ನಾಲ್ಕು ಗಂಟೆ ನೆನೆಸಿ, ಕಡಿಮೆ ನೀರಿನಲ್ಲಿ ಬೆಣ್ಣೆಯಷ್ಟು ನುಣ್ಣಗೆ ರುಬ್ಬಿ. ಬೆರಳಿಗೆ ತರಿ ಸಿಕ್ಕರೆ ದೋಸೆ ಹರಿಯುತ್ತದೆ. ಆಮೇಲೆ ನೀರು ಸೇರಿಸಿ ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಉಪ್ಪು ಹಾಕಿ. ಹುಳಿ ಬರಿಸುವುದು ಬೇಡ. ಅಕ್ಕಿ ತಳಕ್ಕೆ ಇಳಿಯುವುದರಿಂದ ಪ್ರತಿ ದೋಸೆಗೂ ಮೊದಲು ಹಿಟ್ಟು ಕದಡಲೇಬೇಕು. ಕಾವಲಿ ಚೆನ್ನಾಗಿ ಕಾದಿರಲಿ. ಸುರಿಯುವಾಗ ಚುಂಯ್ ಅಂತ ಸದ್ದಾಗಿ ತೂತು ಏಳಬೇಕು. ಅಂಚಿನಿಂದ ಒಳಕ್ಕೆ ಹೊಯ್ದು ಮುಚ್ಚಿ. ಮಗುಚುವುದಿಲ್ಲ. ತೂತು ಬೀಳದಿದ್ದರೆ ನೀರು ಸೇರಿಸಿ. ನುಣ್ಣಗೆ ರುಬ್ಬಿದರೂ ಹರಿಯುತ್ತಿದ್ದರೆ ಒಂದು ಚಮಚ ಅಕ್ಕಿಹಿಟ್ಟು. ತೆಗೆದದ್ದನ್ನು ಬಿಸಿ ಬಿಸಿಯಾಗಿಯೇ ಒಂದರ ಮೇಲೊಂದು ಪೇರಿಸಬೇಡಿ, ಅಂಟಿಕೊಳ್ಳುತ್ತದೆ.

ಪ್ರಶ್ನೆ: ಕುಚ್ಚಲಕ್ಕಿ ಊಟ ಮಾಡಿದರೆ ಶುಗರ್ ಏರುವುದಿಲ್ಲ ಅಂತಾರೆ, ಹೌದಾ? (ಮಂಗಳೂರಿನ ಓದುಗರು)

ಉತ್ತರ: ಏರುತ್ತದೆ. ಸಾಮಾನ್ಯವಾಗಿ ಬೆಳ್ತಿಗೆಗಿಂತ ನಿಧಾನವಾಗಿ ಏರುತ್ತದೆ, ಅಷ್ಟೇ. ಆ ಧೈರ್ಯದಲ್ಲಿ ಎರಡು ಸೌಟು ಜಾಸ್ತಿ ಹಾಕಿಸಿಕೊಂಡರೆ ಲೆಕ್ಕ ಒಂದೇ ಆಗಿಬಿಡುತ್ತದೆ. ಅನ್ನ ಕರಗಿದಷ್ಟೂ ಬೇಗ ಜೀರ್ಣವಾಗುತ್ತದೆ. ಹಾಗಾಗಿ ಕಾಳು ಬಾಯಿ ಬಿಟ್ಟ ಕೂಡಲೇ ಬಸಿದುಬಿಡಿ, ಮುದ್ದೆಯಾಗುವವರೆಗೆ ಬೇಯಿಸಬೇಡಿ. ಬಟ್ಟಲಿನಲ್ಲಿ ಅನ್ನ ಕಾಲು ಭಾಗ ಇರಲಿ. ಉಳಿದದ್ದು ಬಸಳೆ, ಅಲಸಂಡೆ, ಹೆಸರುಕಾಳು, ಮೀನು, ಯಾವುದು ನಿಮಗೆ ಆಗುತ್ತದೋ ಅದು. ಊಟ ಶುರು ಮಾಡಿ ಎರಡು ಗಂಟೆಯಾದ ಮೇಲೆ ಒಂದು ಸಲ ರಕ್ತ ಪರೀಕ್ಷೆ ಮಾಡಿ ನೋಡಿ. ಆ ಅಂಕಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಎಷ್ಟು ಸೌಟು ಅನ್ನುವುದನ್ನು ಅವರ ಹತ್ತಿರವೇ ಕೇಳಿ.