ಮೂಳೆ ಒಪ್ಪಿದ ಗಾಜು, ಲೋಹ ಒಪ್ಪದ ಗಾಜು

ಪ್ರಶ್ನೆ: ಅಮ್ಮನಿಗೆ 68 ವರ್ಷ, ಸೊಂಟದ ಕೀಲು ಬದಲಿಸಬೇಕಾಗಿದೆ. ಒಳಗಿಡುವ ಟೈಟಾನಿಯಂ ಕಂಬಿಗೆ ಮೂಳೆ ಬೇಗ ಹಿಡಿಯಲೆಂದು ಲೇಪವಿರುತ್ತದೆ ಎಂದರು ವೈದ್ಯರು. ಮೂಳೆಗೆ ಬೆಸೆದುಕೊಳ್ಳುವ ಗಾಜೊಂದಿದೆ ಎಂದು ಓದಿದ್ದೆ. ಇದು ಅದೇನಾ? ಓಡಾಡುವಾಗ ಒಡೆಯುವುದಿಲ್ಲವೇ?

ಉತ್ತರ: ಬಹುಮಟ್ಟಿಗೆ ಅದು ಗಾಜಲ್ಲ. ಸೊಂಟದ ಕೀಲುಗಳಲ್ಲಿ 1980ರ ದಶಕದಿಂದ ಬಳಕೆಯಲ್ಲಿರುವುದು ಹೈಡ್ರಾಕ್ಸಿಅಪಟೈಟ್, ನಮ್ಮ ಮೂಳೆಯ ಖನಿಜಕ್ಕೆ ತೀರಾ ಹತ್ತಿರದ್ದು. ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಲೋಹದ ಮೇಲೆ ತೆಳ್ಳಗೆ ಎರಚುತ್ತಾರೆ. ದೇಹದ ಭಾರ ಹೊರುವುದು ಒಳಗಿನ ಲೋಹ.

ನೀವು ಓದಿದ ಗಾಜು ಬಹುಶಃ 45ಎಸ್5. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಹೆಂಚ್ 1969ರಲ್ಲಿ ರೂಪಿಸಿದ್ದು. ಕಿಟಕಿ ಗಾಜಿನಲ್ಲಿ ಸಿಲಿಕಾ, ಅಂದರೆ ಮರಳಿನ ಮುಖ್ಯ ಅಂಶ, ಶೇ 70ರ ಮೇಲಿದ್ದರೆ ಇದರಲ್ಲಿ ಶೇ 45. ಹಾಗಾಗಿ ದೇಹದ್ರವ ತಾಗಿದರೆ ಸುಮ್ಮನಿರುವುದಿಲ್ಲ: ಸೋಡಿಯಂ ಹೊರಗೆ ಸೋರುತ್ತದೆ, ಗಾಜಿನ ಮೈಮೇಲೆ ಸಿಲಿಕಾದ ಲೋಳೆಪದರ ನಿಲ್ಲುತ್ತದೆ, ಅದರ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಕಟ್ಟಿಕೊಳ್ಳುತ್ತದೆ. ಮೂಳೆ ಬಂದು ಕೂಡಿಕೊಳ್ಳುವುದು ಆ ಪದರಕ್ಕೆ.

ಇಷ್ಟು ಒಳ್ಳೆಯ ಗಾಜು ಕಂಬಿಯ ಮೇಲೇಕಿಲ್ಲ? ಅಜ್ಜಿಯ ಎನಾಮೆಲ್ ತಟ್ಟೆಯ ಅಂಚನ್ನು ನೆನೆಸಿಕೊಳ್ಳಿ: ಬಿಳಿ ಚಕ್ಕೆ ಎದ್ದು ಕಪ್ಪು ತಗಡು ಇಣುಕುತ್ತಿರುತ್ತದೆ. ಅಲ್ಲಿ ಪೆಟ್ಟು ಬಿದ್ದಿರುತ್ತದೆ, ಇಲ್ಲಿ ಪೆಟ್ಟೂ ಬೇಡ. ಗಾಜಿನ ಪುಡಿ ಬಳಿದು ಕುಲುಮೆಯಲ್ಲಿ ಕರಗಿಸಿ ಆರಲು ಬಿಟ್ಟರೆ, ಪ್ರತಿ ಡಿಗ್ರಿಗೆ ಈ ಗಾಜು ಹತ್ತು ಲಕ್ಷದಲ್ಲಿ ಸುಮಾರು 15 ಪಾಲು ಕುಗ್ಗುತ್ತದೆ, ಟೈಟಾನಿಯಂ ಕುಗ್ಗುವುದು ಬರೀ 9 ಪಾಲು. ಒಗೆದು ಕುಗ್ಗಿದ ಅಂಗಿಯನ್ನು ದಪ್ಪ ಮೈಗೆ ತೊಡಿಸಿದ ಹಾಗೆ, ಬಿರಿಯದೆ ಇನ್ನೇನು! ಸಾಲದೆಂಬಂತೆ, ಬಿಸಿ ಹೆಚ್ಚಿಸಿದರೆ ಗಾಜಿನೊಳಗೆ ಹರಳು ಕಟ್ಟಿ ಅದು ಗ್ಲಾಸ್-ಸೆರಾಮಿಕ್ ಆಗುತ್ತದೆ. ಗಟ್ಟಿಯಾಗುತ್ತದೆ ನಿಜ, ಮೂಳೆಗೆ ಬೆಸೆಯುವ ಚುರುಕು ಮಾತ್ರ ತಗ್ಗುತ್ತದೆ. ಸಿಲಿಕಾ ಹೆಚ್ಚಿಸಿದರೆ ಕುಗ್ಗುವಿಕೆ ಲೋಹಕ್ಕೆ ಸರಿಹೊಂದುತ್ತದೆ, ಆದರೆ ಶೇ 60 ದಾಟಿದರೆ ಮೂಳೆ ಅದನ್ನು ಮೂಸಿಯೂ ನೋಡುವುದಿಲ್ಲ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ಪ್ರಯೋಗಾಲಯದಲ್ಲಿ ಇದಕ್ಕೆ ಎರಡು ಪದರದ ಉಪಾಯ ಮಾಡಿದರು: ಲೋಹದ ಕಡೆ ಸಿಲಿಕಾ ಹೆಚ್ಚಿರುವ ಗಾಜು, ಮೂಳೆಯ ಕಡೆ ಕಡಿಮೆ ಇರುವುದು. ನನಗೆ ಬಹಳ ಹಿಡಿಸಿದ ಯೋಚನೆ. ಸದ್ಯಕ್ಕೆ ಈ ಗಾಜಿಗೆ ನಿಜವಾದ ಕೆಲಸ ಸಿಕ್ಕಿರುವುದು ಪುಡಿಯ ರೂಪದಲ್ಲಿ, ದವಡೆ ಮತ್ತು ಮೂಳೆಯ ಪೊಳ್ಳು ತುಂಬಲು.

ಅಮ್ಮನ ವೈದ್ಯರನ್ನು ಮೊದಲು ಇದನ್ನು ಕೇಳಿ: ಕಂಬಿಯನ್ನು ಮೂಳೆಯೊಳಗೆ ಸಿಮೆಂಟ್ ಹಾಕಿ ಕೂರಿಸುತ್ತಾರೋ, ಹಾಕದೆಯೋ? ಹಾಕುವುದಾದರೆ ಮೂಳೆಗೂ ಕಂಬಿಗೂ ನಡುವೆ ಸಿಮೆಂಟೇ ಇರುತ್ತದೆ, ಲೇಪದ ಮಾತೇ ಬರುವುದಿಲ್ಲ.