ಸ್ಪೀಡ್ ಜಾಸ್ತಿ ಮಾಡಿದ್ರೆ ಸ್ಲರಿ ಯಾಕೆ ಗಟ್ಟಿ ಆಗತ್ತೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ದೊಂದು ಸಣ್ಣ ಸೆರಾಮಿಕ್ ಯೂನಿಟ್ ಇದೆ ಸರ್. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿನ ನೀರಲ್ಲಿ ಕಲಸಿ, ಆ ಸ್ಲರಿನ ಅಚ್ಚಿಗೆ ಸುರೀತೀವಿ. ಮೊದ್ಲು ತೂಕದಲ್ಲಿ 80 ಪರ್ಸೆಂಟ್ ಪುಡಿ ಹಾಕ್ತಿದ್ವಿ, ಬೇಗ ಒಣಗ್ಲಿ ಅಂತ 82 ಮಾಡಿದ್ವಿ ಅಷ್ಟೆ. ಈಗ ಮಿಕ್ಸರ್ ಸ್ಪೀಡ್ ಏರಿಸಿದ ತಕ್ಷಣ ಮೋಟರ್ ಟ್ರಿಪ್ ಆಗತ್ತೆ. ನೀರು ಹಾಕೋದೊಂದೇ ದಾರಿನಾ, ಇಲ್ಲ ದೊಡ್ಡ ಮೋಟರ್ ಹಾಕ್ಬೇಕಾ?

ಉತ್ತರ: ದೊಡ್ಡ ಮೋಟರ್ ಮಾತ್ರ ಬೇಡ, ಇವತ್ತು ಮೋಟರ್ ಟ್ರಿಪ್ ಆಗ್ತಿದೆ, ಆಮೇಲೆ ಶಾಫ್ಟೇ ತಿರುಚ್ಕೊಳತ್ತೆ.

ಎರಡೇ ಪರ್ಸೆಂಟ್ ಅಂತೀರಲ್ಲ, ಸ್ಲರಿ ನೋಡೋದು ತೂಕನಲ್ಲ, ಪುಡಿ ಎಷ್ಟು ಜಾಗ ಹಿಡಿದಿದೆ ಅನ್ನೋದನ್ನ. ಅಲ್ಯೂಮಿನಾ ನೀರಿಗಿಂತ ಹತ್ರ ಹತ್ರ 4 ಪಟ್ಟು ಭಾರ, ಹಾಗಾಗಿ ತೂಕದಲ್ಲಿ 80 ಅಂದ್ರೆ ವಾಲ್ಯೂಮಲ್ಲಿ 50 ಚಿಲ್ಲರೆ, 82 ಅಂದ್ರೆ 53.6. ಒಂದೇ ಸೈಜಿನ ಗುಂಡು ಕಣಗಳನ್ನ ಹೇಗ್ಹೇಗೋ ತುಂಬಿದ್ರೆ 64 ಪರ್ಸೆಂಟಿಗೆ ಫುಲ್ ಆಗೋಗತ್ತೆ, ನಿಮ್ಮ ಪುಡಿ ಮೊನೆ ಮೊನೆ ಇರೋದ್ರಿಂದ 60 ಅಂತ್ಲೇ ಇಟ್ಕೊಳ್ಳಿ. ಪುಡಿ ಎಷ್ಟಿದ್ರೆ ಸ್ಲರಿ ಎಷ್ಟು ಗಟ್ಟಿ ಅಂತ ಲೆಕ್ಕ ಹಾಕೋಕೆ ಕ್ರೀಗರ್-ಡೌಘರ್ಟಿ ಅಂತ 1959ರ ಸೂತ್ರ ಒಂದಿದೆ, ಘಾತ 2 ಅಂತ ಹಿಡಿದು ಅದಕ್ಕೆ ಹಾಕಿ ನೋಡಿದ್ರೆ ಹಳೇ ಸ್ಲರಿಯ ವಿಸ್ಕಾಸಿಟಿ, ಅಂದ್ರೆ ಹರಿಯೋಕೆ ಒಡ್ಡೋ ಅಡ್ಡಿ, ನೀರಿನ ಸುಮಾರು 38 ಪಟ್ಟು, ಹೊಸದರದ್ದು 87 ಪಟ್ಟು. ಎರಡು ಪರ್ಸೆಂಟಿನ ಕಥೆ ಇದು!

ಅದೂ ನಿಧಾನಕ್ಕೆ ತಿರುಗುವಾಗ. ಕಣಗಳು ಅಂಟ್ಕೊಳ್ದೆ ಇರ್ಲಿ ಅಂತ ಹಾಕೋ ಡಿಸ್ಪರ್ಸೆಂಟ್ ಅನ್ನೋ ರಾಸಾಯನಿಕದ ತೆಳು ಪದರ ಅವುಗಳ ಮೇಲೆ ಇರತ್ತೆ, ಅದು ಒಂದನ್ನೊಂದು ಮುಟ್ಟದ ಹಾಗೆ ದೂರ ಇಡತ್ತೆ, ಆದ್ರೆ ಮಿಕ್ಸರ್ ಒತ್ತಡ ಒಂದು ಮಟ್ಟ ದಾಟಿತು ಅಂದ್ರೆ ಪದರ ಸೋತು ಕಣಕ್ಕೆ ಕಣ ನೇರವಾಗಿ ಉಜ್ಜೋಕೆ ಶುರು, ಘರ್ಷಣೆ ಬಂದ್ಮೇಲೆ ಗುಂಡು ಕಣಗಳೇ 64ರ ಬದ್ಲು 58ರ ಆಸುಪಾಸಲ್ಲೇ ಸಿಕ್ಕಾಕ್ಕೊಳತ್ವೆ, ಮೊನೆ ಇದ್ರೆ ಇನ್ನೂ ಮುಂಚೆ. ನೀವು 53.6ರಲ್ಲಿ ಕೂತಿದೀರ.

ಸ್ಪೀಡ್ ಏರಿಸುವಾಗ ಬ್ಲೇಡ್ ಸುತ್ತ ಸ್ಲರಿಯ ಮೇಲ್ಮೈ ನೋಡಿ. ಹೊಳಪು ಹೋಗಿ ಮಂಕಾಗಿ ಬಿರುಕು ಬಿಟ್ಟ ಹಾಗೆ ಕಾಣ್ಸತ್ತೆ, ನಿಲ್ಲಿಸಿದ್ರೆ ಮತ್ತೆ ಮಿರಮಿರ ಅನ್ನತ್ತೆ. ಮಲ್ಪೆ ಬೀಚಲ್ಲಿ ಒದ್ದೆ ಮರಳಿನ ಮೇಲೆ ಕಾಲಿಟ್ರೆ ಪಾದದ ಸುತ್ತ ಒಣಗಿದ ಹಾಗಾಗತ್ತಲ್ಲ, ಅದೇ ವಿಷ್ಯ: ಕಣಗಳು ಜರುಗೋಕೆ ಜಾಗ ಬೇಕು, ಹಿಗ್ತವೆ, ನೀರು ಒಳಕ್ಕೆ ಹೋಗತ್ತೆ. 1885ರಲ್ಲೇ ಬ್ರಿಟಿಷ್ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಇದನ್ನ ವಿವರಿಸಿದ್ರು. ಮಂಕಾಗ್ದೆ, ಸುಮ್ನೆ ನಿಂತಾಗ್ಲೇ ಹೆಪ್ಪುಗಟ್ಟಿ ಕಲಕಿದ್ರೆ ತೆಳ್ಳಗಾಗ್ತಿದ್ರೆ ಅದು ಬೇರೆ ಕಾಯಿಲೆ, ಕಣಗಳು ಗುಂಪುಗಟ್ತಿವೆ ಅಂತ. ಆಗ ಮೊದ್ಲು ನೀರನ್ನ ಅನುಮಾನಿಸಿ. ಬೇಸಿಗೇಲಿ ಟ್ಯಾಂಕರಲ್ಲಿ ಬರೋ ಬೋರ್‌ವೆಲ್ ನೀರಲ್ಲಿರೋ ಕ್ಯಾಲ್ಸಿಯಂ ಡಿಸ್ಪರ್ಸೆಂಟಿನ ಕೆಲಸ ಕೆಡಿಸತ್ತೆ, ಆರ್‌ಓ ಇಲ್ಲ ಡಿಐ (ಲವಣದ ಅಯಾನುಗಳನ್ನ ತೆಗೆದ) ನೀರಲ್ಲಿ ಒಂದು ಬ್ಯಾಚ್ ಹಾಕಿ ನೋಡಿದ್ರೆ ಗೊತ್ತಾಗೋಗತ್ತೆ.

ಸ್ಲರಿ ಅಂದ್ರೆ ಸ್ಪೀಡ್ ಕೊಡ್ಲೇಬೇಕು ಅಂತ ಹೇಳೋರು ಸಿಗ್ತಾರೆ. ಕುದುರೆಮುಖದಿಂದ ಮಂಗಳೂರಿಗೆ ಅದಿರನ್ನ ಪೈಪಲ್ಲಿ ಕಳಿಸ್ತಿದ್ರಲ್ಲ, ಅಲ್ಲಿ ಅದು ಸರಿ, ನಿಧಾನ ಆದ್ರೆ ಅದಿರು ತಳ ಸೇರತ್ತೆ. ನಿಮ್ಮದು ಅದಕ್ಕೆ ತದ್ವಿರುದ್ಧ.

ಹಾಗಾದ್ರೆ ಏನ್ಮಾಡೋದು ಅಂದ್ರೆ, ನಾನಾಗಿದ್ರೆ ಮೊದ್ಲು ಪುಡೀನೇ ಬದಲಾಯಿಸ್ತೀನಿ. ಮುಕ್ಕಾಲು ಪಾಲು ಈಗಿರೋದು, ಕಾಲು ಪಾಲು ಅದಕ್ಕಿಂತ ಏಳೆಂಟು ಪಟ್ಟು ಸಣ್ಣ ಪುಡಿ, ಸಣ್ಣವು ಸಂದೀಲಿ ಕೂರೋದ್ರಿಂದ ಪ್ಯಾಕಿಂಗ್ ಮಿತಿನೇ ಮೇಲಕ್ಕೆ ಹೋಗತ್ತೆ, ನೀರು ಹಾಕ್ದೇನೇ ಸಡಿಲ ಆಗತ್ತೆ. ಆದ್ರೆ ಸಣ್ಣ ಪುಡಿಗೆ ಮೇಲ್ಮೈ ಜಾಸ್ತಿ, ಡಿಸ್ಪರ್ಸೆಂಟ್ ಡೋಸ್ ಹೊಸದಾಗಿ ಹುಡುಕ್ಲೇಬೇಕು: ಸ್ವಲ್ಪ ಸ್ವಲ್ಪ ಏರಿಸ್ತಾ ವಿಸ್ಕಾಸಿಟಿ ಅಳೀರಿ, ಇಳೀತಾ ಬಂದು ಒಂದು ಕಡೆ ಮತ್ತೆ ಏರತ್ತೆ, ಆ ತಳದಲ್ಲಿ ನಿಲ್ಸಿ. ಜಾಸ್ತಿ ಹಾಕಿದ್ರೆ ಒಳ್ಳೇದು ಅನ್ನೋದು ಸುಳ್ಳು. ಅಳತೆನೂ ಒಂದೇ ಆರ್‌ಪಿಎಂನಲ್ಲಿ ಬೇಡ, ಬ್ಲೇಡ್ ತುದಿ ಸೆಕೆಂಡಿಗೆ 3 ಮೀಟರ್ ಓಡ್ತಿದ್ದು ಗೋಡೆಗೆ 5 ಮಿಲಿಮೀಟರ್ ಗ್ಯಾಪ್ ಇದ್ರೆ ಅಲ್ಲಿ ಶಿಯರ್ ರೇಟ್ (ವೇಗನ ಗ್ಯಾಪಿಂದ ಭಾಗಿಸಿದ್ದು, ಪದರಗಳು ಒಂದರ ಮೇಲೊಂದು ಜಾರೋ ರಭಸ) ಸೆಕೆಂಡಿಗೆ 600, ವಿಸ್ಕಾಸಿಟಿ ಅಳೆಯೋ ವಿಸ್ಕೋಮೀಟರ್ ಸೆಕೆಂಡಿಗೆ 10ರಲ್ಲಿ ತೋರ್ಸೋ ನಂಬರ್ ಇಟ್ಕೊಂಡು ಅಲ್ಲಿ ಏನಾಗ್ತಿದೆ ಅಂತ ಹೇಳೋಕಾಗಲ್ಲ.

ಅಲ್ಲೀವರೆಗೂ 80ಕ್ಕೆ ವಾಪಸ್ ಹೋಗಿ, ಡ್ರೈವಲ್ಲಿ ಸ್ಪೀಡ್ ಇಳ್ಸಿ, ಹೊಸ ಪಂಪ್ ತಗೊಳ್ಳೋ ಯೋಚ್ನೆ ಇದ್ರೆ ಸೆಂಟ್ರಿಫ್ಯೂಗಲ್ ಬಿಟ್ಟು ನಿಧಾನಕ್ಕೆ ತಿರುಗಿ ಟ್ಯೂಬ್ ಹಿಂಡಿ ತಳ್ಳೋ ಪೆರಿಸ್ಟಾಲ್ಟಿಕ್ ನೋಡಿ.