ಬ್ಯಾಲೆನ್ಸ್ ಬಿಡಿ, ಮೊದಲು ಬಾಯಿಬಿಟ್ಟು ಹೇಳಿ

ಒಂದು ದಿನ ಎಲ್ಲರ ಜೊತೆ ಹರಟೆ, ಮರುದಿನ ಯಾರ ಮುಖವೂ ಬೇಡ, ಇವೆರಡನ್ನೂ ಬ್ಯಾಲೆನ್ಸ್ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ 26ನೇ ವಯಸ್ಸು ನೆನಪಾಯಿತು.

ಹಿಂದಿನ ಆಫೀಸಿನಲ್ಲಿ ನನಗೆ ‘ಮೌನಗೌರಿ’ ಅಂತ ಹೆಸರಿಟ್ಟಿದ್ದರು. ಹೊಸ ಕೆಲಸದಲ್ಲಿ ಹಾಗಾಗಬಾರದು ಅಂತ ಮೊದಲ ದಿನದಿಂದಲೇ ಎಲ್ಲರನ್ನೂ ಮಾತಾಡಿಸಿದೆ. ನಾಟಕವಲ್ಲ, ನಿಜಕ್ಕೂ ಖುಷಿಯಾಗುತ್ತಿತ್ತು. ಶುಕ್ರವಾರ ಸಂಜೆ ಹೊತ್ತಿಗೆ ಮಾತ್ರ ತಲೆ ಗುಂಯ್ ಅನ್ನುತ್ತಿತ್ತು. ಮನೆಗೆ ಬಂದು ಲೈಟೂ ಹಾಕದೆ ನೆಲದ ಮೇಲೆ ಮಲಗಿಬಿಡುತ್ತಿದ್ದೆ.

ಅದು ತಪ್ಪಲ್ಲ. ತಪ್ಪಾಗಿದ್ದು ಬೇರೆ ಕಡೆ. ಆ ಹೊತ್ತಿನಲ್ಲಿ ನಾನು ಒಬ್ಬಳೇ ಇರಬೇಕು ಅಂತ ಯಾರಿಗೂ ಹೇಳಲಿಲ್ಲ. ಗೆಳತಿ ಫೋನ್ ಮಾಡುತ್ತಿದ್ದಳು. ಕತ್ತಲಲ್ಲಿ ಅವಳ ಹೆಸರು ಹೊಳೆಯುತ್ತಿತ್ತು. ಫೋನನ್ನು ಬೋರಲು ಹಾಕಿ, ರಿಂಗ್ ನಿಲ್ಲುವವರೆಗೂ ಉಸಿರು ಹಿಡಿದುಕೊಂಡಿರುತ್ತಿದ್ದೆ. ಸೋಮವಾರ ‘ನಿದ್ದೆ ಬಂದುಬಿಟ್ಟಿತ್ತು ಕಣೇ’ ಅನ್ನುತ್ತಿದ್ದೆ. ಒಂದು ಸಲವಲ್ಲ, ತಿಂಗಳುಗಟ್ಟಲೆ. ‘ಇವತ್ತು ಮಾತಾಡೋಕಾಗಲ್ಲ, ನಾಳೆ ನಾನೇ ಮಾಡ್ತೀನಿ’ ಅಂತ ಒಂದು ಸಾಲು ಮೆಸೇಜ್ ಹಾಕಿದ್ದರೆ ಸಾಕಿತ್ತು. ಒಂದೇ ಸಾಲು! ಹಾಗೆ ಹೇಳಿದರೆ ಮತ್ತೆ ಮೌನಗೌರಿ ಆಗಿಬಿಡುತ್ತೇನೆ ಅನ್ನುವ ಭಯ ನನಗೆ. ಒಂದು ರಾತ್ರಿ ಅವಳು ಆರು ಸಲ ಮಾಡಿದಳು. ಎತ್ತಲಿಲ್ಲ. ಅವಳ ಅಪ್ಪ ಆಸ್ಪತ್ರೆಯಲ್ಲಿದ್ದರು.

‘ಆಫೀಸಿನವರ ಜೊತೆಯೆಲ್ಲ ನಗ್ತೀಯ, ನನ್ನ ಫೋನ್ ಬಂದರೆ ಮಾತ್ರ ನಿಂಗೆ ನಿದ್ದೆ, ಅಲ್ವಾ?’ ಅಂದಳು. ಆಮೇಲೆ ಅವಳು ಫೋನ್ ಮಾಡಲೇ ಇಲ್ಲ.

ಅದಕ್ಕೇ ಬ್ಯಾಲೆನ್ಸ್ ಅನ್ನೋ ಮಾತನ್ನೇ ನಾನು ಒಪ್ಪುವುದಿಲ್ಲ. ನಿಮ್ಮೊಳಗೆ ಇಬ್ಬರಿಲ್ಲ, ತೂಗಿಸಿ ಸಮ ಮಾಡೋಕೆ. ಅಂತರ್ಮುಖಿ, ಬಹಿರ್ಮುಖಿ ಅನ್ನುವ ವಿಂಗಡಣೆಯನ್ನು 1921ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಮುಂದಿಟ್ಟ ಮನೋವೈದ್ಯ ಕಾರ್ಲ್ ಯೂಂಗ್ ಕೂಡ ಯಾರೂ ಪೂರ್ತಿ ಒಂದೇ ಕಡೆ ಇರುವುದಿಲ್ಲ ಅಂತಲೇ ತಿಳಿದಿದ್ದರು. ಅಳೆದು ನೋಡಿದರೆ ಹೆಚ್ಚಿನವರು ಸಿಗುವುದು ನಡುವೆಯೇ. ನನಗೆ ಇದು ಗೊತ್ತಾಗಿದ್ದು ತುಂಬಾ ತಡವಾಗಿ.

ಮಾತು ಬರುವ ದಿನ ಮನಸಾರೆ ಮಾತಾಡಿ. ಬೇಡ ಅನ್ನಿಸಿದ ದಿನ ಬಾಗಿಲು ಹಾಕಿಕೊಳ್ಳಿ. ಆದರೆ ಮತ್ತೆ ಯಾವಾಗ ಸಿಗುತ್ತೀರಿ ಅಂತ ನಿಮ್ಮವರಿಗೆ ಹೇಳಿ ಹಾಕಿಕೊಳ್ಳಿ. ಸುಮ್ನೆ ಮಾಯವಾಗಬೇಡಿ. ನಿಮ್ಮ ಸುಸ್ತು ಅವರಿಗೆ ಕಾಣುವುದಿಲ್ಲ, ಎತ್ತದ ಫೋನ್ ಮಾತ್ರ ಕಾಣುತ್ತದೆ.

ಈಗ ಶುಕ್ರವಾರ ಮಧ್ಯಾಹ್ನವೇ ಅಕ್ಕನಿಗೆ ಮೆಸೇಜ್ ಹಾಕುತ್ತೇನೆ: ‘ಸಂಜೆ ಸಿಗಲ್ಲ ಅಕ್ಕ, ನಾಳೆ ಬೆಳಿಗ್ಗೆ ಮಾತಾಡೋಣ. ಅರ್ಜೆಂಟಿದ್ದರೆ ಬಿಡದೆ ಎರಡು ಸಲ ಮಾಡು.’ ಫೋನನ್ನು ಬೋರಲು ಹಾಕುವುದಿಲ್ಲ.